ತಲೆಯಲ್ಲಿ ಆಯಸ್ಕಾಂತ, ಎದುರಿಗೆ ಸಂಡೂರು

...ಅಥವಾ ಅವಳು ಅಂದದ್ದು ಬೇರೆಯೇ ಏನೋ ಇರಬಹುದು. ಕಿವಿಯ ಯಂತ್ರ ಚಾಲೂ ಮಾಡಿದ ದಿನ ನನ್ನ ಹೆಂಡತಿ ಶಾರದಾ ಆಡಿದ ಮೊದಲ ಮಾತು ‘ಕೇಳಸ್ತೈತೇನ್ರೀ?’ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನಿಜಕ್ಕೂ ನನಗೆ ಕೇಳಿಸಿದ್ದು ತಗಡಿನ ಡಬ್ಬಿಯಲ್ಲಿ ಕಡಲೆ ಕುಲುಕಿದಂಥ ಸದ್ದು. ಮಾತನ್ನು ಆಮೇಲೆ ನಾನೇ ತುಂಬಿಕೊಂಡೆ.

ತುಂಬುವುದು ನನಗೆ ಹೊಸದಲ್ಲ. ನಾನು ಹಂಪಿಯಲ್ಲಿ ಗೈಡು. ಅಮ್ಮನಿಂದ ಬಂದ ಕಾಯಿಲೆ ಎರಡೂ ಕಿವಿಯ ನರಗಳ ಮೇಲೆ ಗಡ್ಡೆ ಬೆಳೆಸುತ್ತಿದ್ದ ಕಾಲದಲ್ಲಿ, ಪ್ರವಾಸಿಗರು ಪ್ರಶ್ನೆ ಕೇಳಿಬಿಟ್ಟಾರೆಂದು ಉಸಿರು ಬಿಡದೆ ಮಾತಾಡುತ್ತಿದ್ದೆ. ಮಹಾ ತಿಳಿದವನೆಂದು ಹೆಸರಾಯಿತು.

ಕೊನೆಗೆ ಕಿವಿ ಪೂರಾ ಕೆಟ್ಟಾಗ ಡಾಕ್ಟರು ಗಡ್ಡೆಯನ್ನು ಹಾಗೇ ಬಿಟ್ಟು, ಒಂದು ಒಳಗಿವಿಗೆ ತಂತಿ ಇಳಿಸಿ, ಚರ್ಮದಡಿ ಪುಟ್ಟ ಆಯಸ್ಕಾಂತ ಕೂರಿಸಿದರು. ಹೊರಗಿನ ಬಿಲ್ಲೆ ಅದಕ್ಕೆ ಅಂಟಿ ನಿಲ್ಲುತ್ತದೆ. ಸಂಡೂರಿನ ಹತ್ತಿರದ ವಡ್ಡು ಎಂಬ ಊರಲ್ಲಿದ್ದು ಅದಿರಿನ ಲಾರಿ ಓಡಿಸುವ ಶಾರದಾಳ ತಮ್ಮ ಈರಣ್ಣ ನೋಡಲು ಬಂದವನು, ನನಗೆ ತಿಳಿಯಲೆಂದು ಬಾಯಿ ಅಗಲಿಸಿ ಹೇಳಿದ: ‘ಮಾವಾ, ನಮ್ಮ ಕಡಿ ಬರಬ್ಯಾಡ್ರಿ. ಗುಡ್ಡ ಪೂರಾ ಕಬ್ಣ. ತಲಿ ಅಂಟ್ಕಂತಂದ್ರ ಜೆಸಿಬಿ ತರ್ಬೇಕಾಗ್ತೈತಿ!’

ನಕ್ಕೆ. ಆಮೇಲೆ ಆರು ತಿಂಗಳು ಸಂಡೂರಿನ ದಿಕ್ಕಿಗೆ ತಲೆ ಹಾಕಲಿಲ್ಲ. ಕಲ್ಲಿನ ಬಗ್ಗೆ ಊರಿಗೆಲ್ಲ ಪಾಠ ಹೇಳುವವನು ನಾನು!

ಈರಣ್ಣನಿಗೆ ಹುಟ್ಟಿದ ಮಗಳ ತೊಟ್ಟಿಲ ಕಾರ್ಯಕ್ಕೆ ಶಾರದಾ ಎಳೆದುಕೊಂಡೇ ಹೋದಳು. ಘಾಟಿನ ಉದ್ದಕ್ಕೂ ಬಿಲ್ಲೆಯನ್ನು ಅಂಗೈಯಿಂದ ತಲೆಗೆ ಒತ್ತಿಕೊಂಡು ಕುಳಿತಿದ್ದೆ. ಕೆಂಪು ಧೂಳು ಬಂತು, ಅದಿರಿನ ಲಾರಿಗಳು ಬಂದವು. ತಲೆ ಇದ್ದಲ್ಲೇ ಇತ್ತು. ಬಸ್ಸಿಳಿದಾಗ ಈರಣ್ಣ ಅದಿರಿನ ತುಂಡೊಂದನ್ನು ನನ್ನ ತಲೆಗೆ ಹಿಡಿದು ಬಿಟ್ಟ. ಅದು ಕಾಲ ಬಳಿ ಬಿತ್ತು.

‘ಹಿಡೀವಲ್ದಲ್ರೀ ಮಾವ! ಸೆಕೆಂಡ್ಸ್ ಮಾಲ್ ಕೂರ್ಸ್ಯಾರ ನೋಡ್ರಿ!’

ಶಾರದಾ ನಕ್ಕಳು. ಡಬ್ಬಿಯಿಲ್ಲ, ಕಡಲೆಯಿಲ್ಲ, ನಗುವೇ ಕೇಳಿಸಿತು. ಅದು ಅವಳ ಹಳೆಯ ನಗುವೇ, ನನ್ನ ನೆನಪು ಕೂಡಿಸಿದ್ದೇ? ಅವಳನ್ನೇ ಕೇಳಿದೆ.

‘ನನ್ನ ನಗಿ ನನಗೇನ್ ಗೊತ್ರೀ? ಕೇಳಾವ್ರು ನೀವು.’

ಗುಡ್ಡಕ್ಕೆ ಅಂಜುವುದು ಸುಲಭವಿತ್ತು, ಬಸ್ಸು ಹತ್ತದಿದ್ದರೆ ಮುಗಿಯಿತು. ಗಡ್ಡೆಯನ್ನು ಹಾಗೆ ಬಿಟ್ಟು ಬರಲಾಗದು. ಯಂತ್ರ ಸದ್ದು ಕಳಿಸುವ ನರದ ಮೇಲೆಯೇ ಅದು ಕೂತಿದೆ. ಬೆಳೆದರೆ ಈ ನಗುವೂ ಹೋಗಬಹುದು. ಎಷ್ಟು ದಿನ ಎಂದು ಡಾಕ್ಟರನ್ನು ಕೇಳಿದ್ದೆ. ಹೇಳಲಾಗದು ಎಂದಿದ್ದರು. ಈ ಮಾತು ಮಾತ್ರ ನಾನು ತುಂಬಿಕೊಂಡದ್ದಲ್ಲ, ಚೀಟಿಯಲ್ಲಿ ಬರೆದುಕೊಟ್ಟಿದ್ದರು.

ಹೊಸಪೇಟೆಯ ನಮ್ಮ ಮನೆಗೆ ಮರಳುವಾಗ ನಾನು ಒಂದು ಮಾತೂ ಆಡಲಿಲ್ಲ. ದಾರಿಯುದ್ದ ಮಾತನ್ನು ಅವಳಿಗೇ ಬಿಟ್ಟುಕೊಟ್ಟೆ. ಮೆಣಸಿನಕಾಯಿ, ತಮ್ಮನ ಹೆಂಡತಿಯ ಸೀರೆ, ಮಗುವಿನ ಮೂಗು, ಎಲ್ಲ ಹೇಳಿದಳು. ಅರ್ಧ ತಿಳಿಯಿತು. ಇನ್ನರ್ಧ ಎಂದಾದರೂ ತಿಳಿದೀತೇ, ತಿಳಿದ ಅರ್ಧ ಉಳಿದೀತೇ, ನನಗೆ ಗೊತ್ತಿಲ್ಲ.