ಮೆಹಬೂಬಸಾಬರ ಸಸಿಮಡಿ

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕಿಟಕಿ, ಗೇಟುಗಳ ವೆಲ್ಡಿಂಗ್ ಮಾಡುವ ಮೆಹಬೂಬಸಾಬರಿಗೆ ಹಾಕಿ ಆಟದ ಹುಚ್ಚು. ಹುಡುಗಿಯರ ತಂಡ ಕಟ್ಟಿ ಹದಿನೇಳು ವರ್ಷವಾದರೂ ಜಿಲ್ಲಾ ಕಪ್ಪು ಒಮ್ಮೆಯೂ ಅವರ ಕೈಗೆ ಹತ್ತಿರಲಿಲ್ಲ. ಹತ್ತುವುದಾದರೂ ಹೇಗೆ? ಆಟದಲ್ಲಿ ಪಳಗಿದ ಹುಡುಗಿಯನ್ನು ದೊಡ್ಡ ತಂಡದವರು ಕರೆದರೆ ಸಾಬರೇ ಬಸ್ಸು ಹತ್ತಿಸಿ ಬರುತ್ತಿದ್ದರು.

"ಸಾಬ್ರ ತಂಡ ಅಂದ್ರ ಗಂಗಾವತಿ ಭತ್ತದ ಸಸಿಮಡಿ ನೋಡ್ರಿ. ಬೆಳಸೋರು ಇವ್ರು, ನಾಟಿ ಮಂದಿ ಗದ್ದ್ಯಾಗ" ಎಂದು ಚಹಾದಂಗಡಿಯ ಪಂಪಾಪತಿ ಕಾಡಿಸುತ್ತಿದ್ದ.

"ಮಡಿಯಾಗ ಉಳದ್ರ ಭತ್ತ ತೆನಿ ಬಿಡತೈತೇನೋ?" ಎಂದು ಸಾಬರು ನಗುತ್ತಿದ್ದರು.

ಒಮ್ಮೆ ಮಾತ್ರ ತಮ್ಮ ಮಾತನ್ನು ತಾವೇ ಮೀರಿದ್ದರು. ಹನ್ನೊಂದು ವರ್ಷದ ಹಿಂದೆ ಹಿಟ್ನಾಳದ ಕಳಕಮ್ಮನಿಗೆ ದೊಡ್ಡ ತಂಡದ ಕರೆ ಬಂದಾಗ, "ಈ ಕಪ್ಪೊಂದು ಗೆದ್ದು ಹೋಗವ್ವಾ" ಎಂದು ತಡೆದರು. ಕಪ್ಪೂ ಬರಲಿಲ್ಲ, ಕರೆಯೂ ಮತ್ತೆ ಬರಲಿಲ್ಲ. ಕಳಕಮ್ಮ ಒಂದು ಮಾತೂ ಅನ್ನಲಿಲ್ಲ. ಈಗ ಶಾಲೆಯೊಂದರಲ್ಲಿ ಪಿ.ಟಿ. ಟೀಚರು, ಸಂಜೆ ಬಂದು ಸಾಬರ ಹುಡುಗಿಯರನ್ನು ಓಡಿಸುತ್ತಾಳೆ. ಅವಳು ಅನ್ನದೆ ಬಿಟ್ಟ ಮಾತೇ ಸಾಬರನ್ನು ಸುಡುತ್ತಿತ್ತು.

ಈ ವರ್ಷ ತಂಡದ ಜೀವವೆಂದರೆ ನಿಶಾತ. ಗೋಲು ಹೊಡೆಯುವುದರಲ್ಲಿ ಎತ್ತಿದ ಕೈ. ಅಂಥವಳನ್ನು ಸಾಬರು ವರ್ಷವಿಡೀ ಹಿಂದೆ, ಡಿಫೆನ್ಸಿನಲ್ಲಿ ನಿಲ್ಲಿಸಿದರು. ಊರೆಲ್ಲ ಬೈಯಿತು. ಮುಂದೆ ಆಡುವವರು ಊರಿಗೆ ಹತ್ತು ಮಂದಿ. ಹಿಂದೆ ನಿಂತು ಇಡೀ ಆಟ ಕಾಣಬಲ್ಲವರಿಗಾಗಿ ದೊಡ್ಡ ತಂಡಗಳು ಹುಡುಕಾಡುತ್ತವೆ ಎಂಬುದು ಸಾಬರಿಗೆ ಗೊತ್ತಿತ್ತು. ನಿಶಾತಳದು ಹದ್ದಿನ ಕಣ್ಣು.

ಕೊಪ್ಪಳದಲ್ಲಿ ಫೈನಲ್, ಎದುರಿಗೆ ಗಂಗಾವತಿ. ಲೀಗ್ ತಂಡವೊಂದರ ಆಯ್ಕೆಗಾರರು ಡಿಫೆಂಡರ್ ಹುಡುಕಿಕೊಂಡು ಬಂದು ಕೂತಿದ್ದರು. ಎರಡೂ ಕಡೆ ಒಂದೊಂದು ಗೋಲು, ಉಳಿದದ್ದು ಐದೇ ನಿಮಿಷ.

"ನಿಶಾತನ್ನ ಮುಂದ ಕಳಸ್ರಿ ಸಾಬ್ರ! ಈ ಸಲಾನೂ ಕಪ್ಪು ಹೋಗತೈತಿ!" ಪಂಪಾಪತಿ ಗಂಟಲು ಹರಿಯುವಂತೆ ಕೂಗಿದ.

ಹದಿನೇಳು ವರ್ಷದ ಆಸೆ ಅದು. ಮುಂದೆ ಹೋಗೆಂದು ಸನ್ನೆ ಮಾಡಲು ಸಾಬರ ಕೈ ಎದ್ದೇಬಿಟ್ಟಿತು. ಪಕ್ಕದಲ್ಲಿ ಕಳಕಮ್ಮ ನಿಂತಿದ್ದಳು. ಅವಳ ಕಡೆ ಕಣ್ಣು ಹೋಯಿತು. ಸಾಬರು ಕೈ ಇಳಿಸಿದರು.

"ಅಲ್ಲೇ ನಿಲ್ಲವ್ವಾ ನಿಶಾತ!"

ಗಂಗಾವತಿಯವರು ನುಗ್ಗಿದರು. ಗೋಲ್‌ಕೀಪರನ್ನೂ ದಾಟಿದ ಚೆಂಡನ್ನು ನಿಶಾತ ಗೆರೆಯ ಮೇಲೆಯೇ ತಡೆದಳು, ತಲೆಯೆತ್ತಿ ನೋಡಿದಳು, ಮೈದಾನ ಸೀಳುವಂತೆ ಹೊಡೆದಳು. ಆ ತುದಿಯಲ್ಲಿ ಒಬ್ಬಳೇ ನಿಂತಿದ್ದ ಶಿವಲೀಲಾ ಸ್ಟಿಕ್ ಒಡ್ಡಿದಳು. ಗೋಲು!

ಪಂಪಾಪತಿ ಟವೆಲ್ ಬೀಸುತ್ತ ಮೈದಾನದೊಳಗೇ ಕುಣಿದ. ಆಯ್ಕೆಗಾರರು ನಿಶಾತಳ ಅಪ್ಪನನ್ನು ಹುಡುಕಿಕೊಂಡು ಬಂದು, ಮುಂದಿನ ವಾರವೇ ಶಿಬಿರಕ್ಕೆ ಕಳಿಸಿ ಎಂದರು. ಕಪ್ಪು ಕೈಗೆ ಬಂದಾಗ ಸಾಬರಿಗೆ ಅಳು ತಡೆಯಲಾಗಲಿಲ್ಲ. ಫೋಟೋಗೂ ನಿಲ್ಲದೆ ಸೀದಾ ಹೋಗಿ ಅದನ್ನು ಕಳಕಮ್ಮನ ಕೈಯಲ್ಲಿಟ್ಟರು.

"ಇದು ನಿಂದವ್ವಾ. ತಪ್ಪಾತು ಅನ್ನಾಕ ನನಗ ಹನ್ನೊಂದು ವರ್ಷ ಬೇಕಾತು."

ಕಳಕಮ್ಮ ಕಪ್ಪನ್ನು ಎದೆಗವಚಿಕೊಂಡು, ಅಳುತ್ತಲೇ ನಕ್ಕಳು. "ನಿಶಾತ ಹೊಂಟ್ಲು. ಇನ್ನ ಹಿಂದ ಯಾರನ್ನ ನಿಲ್ಲಸೋಣ್ರಿ ಸರ?"