ಬಿಳಿ ದಾರದ ಸಾಲುಗಳು

ಹಾರ್ಮೋನು ಎಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಎಮ್ಮೆ. ‘ಹಾಲು ಇಳಿಸಾಕೆ ಚುಚ್ತಾರಲ್ಲ, ಅದೇ ಏನ್ರಿ?’ ಚಳ್ಳಕೆರೆಯ ಮದುವೆಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನನ್ನ ನಾಲಿಗೆ ಸವೆದಿದೆ. ಅಲ್ಲ, ಗಿಡಕ್ಕೂ ಹಾರ್ಮೋನು ಇರುತ್ತದೆ, ಯಾವಾಗ ಬೆಳೆಯಬೇಕು, ಯಾವಾಗ ಸುಮ್ಮನಿರಬೇಕು ಎಂದು ಗಿಡಕ್ಕೆ ತಿಳಿಯುವುದೇ ಅದರಿಂದ ಎನ್ನುತ್ತಿದ್ದೆ. ಅಷ್ಟರಲ್ಲಿ ಕೇಳಿದವರು ಪಲ್ಯ ಬಡಿಸುವವನ ಕಡೆ ತಿರುಗಿರುತ್ತಿದ್ದರು.

ಸಸ್ಯಗಳ ಜೀವರಸಾಯನ ನನ್ನ ಕಸುಬು. ಕೆಲಸಕ್ಕೆ ಸೇರಿದಾಗಿನಿಂದ ಶೇಂಗಾ ಗಿಡದ ಬೆನ್ನು ಬಿದ್ದವಳು. ಶೇಂಗಾ ಹೂ ಬಿಟ್ಟ ಮೇಲೆ ಸೂಜಿಯಂಥ ಊಡು ಮಣ್ಣಿಗೆ ಇಳಿಯುತ್ತದೆ, ಅದರ ತುದಿಯಲ್ಲೇ ಕಾಯಿ ಕಟ್ಟುವುದು. ಬಿಸಿಲು ಜೋರಾದರೆ ಗಿಡ ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಸಕ್ಕರೆ ತಯಾರಿಕೆ ಕುಸಿಯುತ್ತದೆ, ಊಡು ಮಣ್ಣು ಮುಟ್ಟುವ ಮೊದಲೇ ಒಣಗುತ್ತದೆ. ಆ ಹೊತ್ತಿಗೆ ಒಂದು ಹಾರ್ಮೋನನ್ನು ಸ್ವಲ್ಪವೇ ಸಿಂಪಡಿಸಿದರೆ ಗಿಡ ಇರುವ ಸಕ್ಕರೆಯನ್ನು ಊಡಿಗೆ ಕಳಿಸುತ್ತದೆಯೇ? ಪ್ರಯೋಗಾಲಯದ ಕುಂಡಗಳಲ್ಲಿ ಕಳಿಸಿತ್ತು. ‘ಕುಂಡದಲ್ಲಿ ಏನು ಬೇಕಾದರೂ ಬೆಳೆಯುತ್ತದೆ, ಹೊಲದಲ್ಲಿ ತೋರಿಸಿ’ ಎಂದು ಮೇಲಿನವರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಹಾಗಾದರೆ ಹೊಲದ ಖರ್ಚು ಕೊಡಿ ಎಂದರೆ ಅದೂ ಇಲ್ಲ. ಕೊನೆಗೂ ಒಪ್ಪಿದ್ದು ನಾನು ನಿವೃತ್ತಳಾಗುವ ವರ್ಷ. ನನ್ನ ಕೈಯಲ್ಲಿದ್ದದ್ದು ಒಂದೇ ಮುಂಗಾರು.

ಎರಡು ಕಡೆ ಬಿತ್ತಿಸಿದೆ. ಮೊಳಕಾಲ್ಮೂರಿನ ಹೊಲವನ್ನು ಕಾಡುಹಂದಿಗಳು ಪೂರ್ತಿ ಉತ್ತು ಹೋದವು. ‘ಏಂ ಚೇಸ್ತಾಂ ಮೇಡಂ, ಏನ್ ಮಾಡಾದು, ಹಂದಿಗೆ ಹೇಳಾಕಾಗ್ತೈತಾ?’ ಎಂದು ಹೊಲದವನು ಕೈ ಚೆಲ್ಲಿದ. ಉಳಿದದ್ದು ನನ್ನಿವಾಳದ ಹೊಲವೊಂದೇ.

ಅದರ ಒಡತಿ ನನಗಿಂತ ಹಿರಿಯರು, ಕುರಿ ಕಾಯುವ ಮನೆಯಲ್ಲಿ ಬೆಳೆದವರು. ನಾನು ಅಕ್ಕ ಎನ್ನುತ್ತಿದ್ದೆ. ಕೆಂಪು ದಾರ ಕಟ್ಟಿದ ಸಾಲುಗಳಿಗೆ ಹಾರ್ಮೋನಿನ ಔಷಧಿ, ಬಿಳಿ ದಾರದ ಸಾಲುಗಳಿಗೆ ಬರೀ ನೀರು. ಎರಡಕ್ಕೂ ಏನು ವ್ಯತ್ಯಾಸ ಎಂದು ನೋಡುವುದಕ್ಕೇ ಇಷ್ಟೆಲ್ಲ ಒದ್ದಾಟ ಎಂದು ಬಿಡಿಸಿ ಹೇಳಿದ್ದೆ. ಅಕ್ಕ ಹೂಂ ಎಂದಿದ್ದರು. ಪ್ರತಿ ಸಲವೂ ನಾನೇ ನಿಂತು ಸಿಂಪಡಿಸುತ್ತಿದ್ದೆ. ಕ್ಯಾನಿನಲ್ಲಿ ಅರ್ಧದಷ್ಟು ಉಳಿದ ಔಷಧಿಯನ್ನು ಬದುವಿನಾಚೆ ಚೆಲ್ಲಿಬಿಡಿ ಎಂದು ಹೇಳಿ ಬಸ್ಸು ಹಿಡಿಯುತ್ತಿದ್ದೆ.

ಗಿಡ ಕೀಳುವ ದಿನ ಬಂತು. ಕೆಂಪು ಸಾಲಿನ ಗಿಡ ಎಳೆದರೆ ಬುಡದ ತುಂಬ ಕಾಯಿ. ಖುಷಿಯಿಂದ ಎಣಿಸಿದೆ. ಬಿಳಿ ಸಾಲಿನದನ್ನು ಎಳೆದೆ, ಅದರಲ್ಲೂ ಅಷ್ಟೇ ಕಾಯಿ. ಇನ್ನೊಂದು ಕಿತ್ತೆ, ಮತ್ತೊಂದು ಕಿತ್ತೆ. ಎಲ್ಲ ಒಂದೇ. ಅಂದರೆ ನನ್ನ ಹಾರ್ಮೋನಿಗೂ ಬರೀ ನೀರಿಗೂ ಏನೂ ವ್ಯತ್ಯಾಸವಿಲ್ಲ. ಹರೆಯದಿಂದ ತಲೆ ನರೆಯುವವರೆಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತೆಂದು ಬದುವಿನ ಮೇಲೆ ಕುಸಿದು ಕೂತೆ.

‘ಯಾಕ್ ಮೇಡಮ್ಮ, ಮಖ ಸಣ್ಣ ಮಾಡ್ಕಂಡ್ರಿ?’ ಅಕ್ಕ ಪಕ್ಕದಲ್ಲಿ ಬಂದು ಕೂತರು. ‘ಎಲ್ಲಾ ಒಂದೇ ಸಮ ಬಂದಾವಲ್ರಿ! ನೀವು ಚೆಲ್ಲು ಅಂದಿದ್ದನ್ನ ನಾನೇನು ಚೆಲ್ಲಲಿಲ್ಲ. ಬಿಳೇ ದಾರದ ಸಾಲಿಗೂ ಹೊಡದೆ.’

‘ಯಾವಾಗ ಅಕ್ಕಾ?’

‘ನೀವು ಬಂದು ಹೋದಾಗೆಲ್ಲ.’

ನನಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಗಿಡ ಎಸೆದು, ‘ನಾನು ಹೇಳಿದ್ದೇನು, ನೀವು ಮಾಡಿದ್ದೇನು! ನನ್ನ ಬದುಕೇ ಹಾಳು ಮಾಡಿದಿರಲ್ಲ!’ ಎಂದು ಕಿರುಚಿದೆ. ಪಕ್ಕದ ಹೊಲದವರು ಕೆಲಸ ಬಿಟ್ಟು ನೋಡತೊಡಗಿದರು.

ಅಕ್ಕ ಕೂತಲ್ಲಿಂದ ಏಳಲಿಲ್ಲ. ‘ಬೈರಿ, ಬೈಸ್ಕಂತೀನಿ. ಆದ್ರೆ ಪಂಕ್ತಿಗೆ ಕೂರ್ಸಿ ಒಬ್ರಿಗೆ ಬಡ್ಸಿ, ಪಕ್ಕದಾಗೆ ಇರೋರಿಗೆ ಬರೀ ನೀರು ಕೊಟ್ಟು ಹೋಗೋದು ನಮ್ ಮನ್ಯಾಗಿಲ್ಲ. ಬಿಸ್ಲಾಗೆ ಬಾಡ್ಕಂಡು ನನ್ನೇ ನೋಡ್ತಿದ್ವು ಅವು.’

ನನ್ನ ಸಿಟ್ಟು ಇನ್ನಷ್ಟು ಏರಿತು. ಅಂದು ಅವರ ಮನೆಯಲ್ಲಿ ಊಟ ಮಾಡದೆ ಬಂದೆ.

ಪಕ್ಕದ ಹೊಲದಲ್ಲಿ ಕಾಯಿ ಅಷ್ಟಕ್ಕಷ್ಟೆ ಇತ್ತು. ಔಷಧಿ ಬೀಳದ್ದು ಎಂದು ಅದನ್ನೇ ತೋರಿಸಿಬಿಡಿ, ಯಾರು ಹೋಗಿ ನೋಡುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ತಳಿ ಬೇರೆ, ಬಿತ್ತಿದ ವಾರ ಬೇರೆ, ಮಣ್ಣೂ ಬೇರೆ. ಹಾಗೆ ತೋರಿಸುವುದಾಗಿದ್ದರೆ ಕೆಲಸಕ್ಕೆ ಸೇರಿದ ವರ್ಷವೇ ತೋರಿಸಿ ನಿಶ್ಚಿಂತೆಯಿಂದ ಕೂರಬಹುದಿತ್ತು. ಹೋಲಿಸಲು ಔಷಧಿ ಬೀಳದ ಸಾಲೇ ಉಳಿದಿಲ್ಲ, ಇದರಿಂದ ಏನೂ ಹೇಳಲು ಬರುವುದಿಲ್ಲ ಎಂದೇ ವರದಿ ಕೊಟ್ಟೆ. ಇನ್ನೊಂದು ಮುಂಗಾರು ಕೊಡಿ ಎಂದು ಕೇಳಿದೆ. ಶಾಲು ಹೊದಿಸಿ ಕಳಿಸಿದರು.

ಈಗ ಚಳ್ಳಕೆರೆಯಲ್ಲೇ ಇದ್ದೇನೆ. ಸಂತೆಗೆ ಹೋದರೆ ಜನ ಗುರುತು ಹಿಡಿಯುತ್ತಾರೆ. ‘ನನ್ನಿವಾಳದ ಔಷಧಿ ಮೇಡಂ ಅಲ್ಲೇನ್ರಿ? ಆ ಹೊಲದಾಗೆ ಕಾಯಿ ಹೆಂಗ್ ಕಟ್ಟಿತ್ತು ಅಂತೀರಿ!’ ಅಕ್ಕ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ, ಅದೂ ಹೆಮ್ಮೆಯಿಂದ. ಹೋದ ವಾರ ಒಬ್ಬ ತರಕಾರಿ ಅಂಗಡಿಯ ಮುಂದೆ ಅಡ್ಡ ನಿಂತ. ‘ನೀವೇ ಹೇಳ್ರಿ ಮೇಡಂ, ಅದನ್ನ ಹೊಡದ್ರೆ ಕಾಯಿ ಕಟ್ತೈತಲ್ವಾ?’

ಜೀವಮಾನವೆಲ್ಲ ನಾನು ಕೇಳಿಕೊಂಡದ್ದು ಆ ಒಂದೇ ಪ್ರಶ್ನೆ.

‘ನನಗೆ ಗೊತ್ತಿಲ್ಲಪ್ಪ’ ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ಊರಿಗೆಲ್ಲ ಗೊತ್ತೈತೆ, ನಿಮಗ್ ಗೊತ್ತಿಲ್ವಾ? ಕೊಡಾಕೆ ಮನಸಿಲ್ಲ ಅನ್ರಿ’ ಎಂದು ಮುಖ ತಿರುಗಿಸಿಕೊಂಡು ಹೋದ.