ಗೂಡುದೀಪ ಕಟ್ಟದ ದೀಪಾವಳಿ

ಮುಂಬಯಿ ಪಕ್ಕದ ಡೊಂಬಿವಲಿಯ ಮನೆ ಮಾರಿ ನವಿಮುಂಬಯಿಯ ಕಾಮೋಠೆಗೆ ಹೋಗಿಬಿಡೋಣ ಎಂದು ಆ ದೀಪಾವಳಿಗೆ ಹಟ ಹಿಡಿದವಳು ನಾನೇ. ಕಾರಣ, ಒಂದು ತಟ್ಟೆ ಚಕ್ಕುಲಿ.

ಎದುರುಮನೆಯ ಮರಾಠಿ ಹೆಂಗಸನ್ನು ನಾನು ಅತ್ತಿಗೆ ಎನ್ನುವ ಹಾಗೆ ವಹಿನಿ ಎನ್ನುತ್ತೇನೆ. ನಮ್ಮದು ಬಾಣಂತನದ ಕಾಲದ ಸ್ನೇಹ. ಹಬ್ಬ ಬಂತೆಂದರೆ ಅವರ ತಟ್ಟೆ ನಮ್ಮಲ್ಲಿಗೆ, ನಮ್ಮದು ಅವರಲ್ಲಿಗೆ. ಆ ಸಲ ಉಡುಪಿಯಲ್ಲಿ ಅಮ್ಮನಿಗೆ ಸೀರಿಯಸ್ ಎಂದು ಫೋನ್ ಬಂದಾಗ ನನ್ನ ಬ್ಯಾಗು ತುಂಬಿಸಿ ಕಳಿಸಿದವರೂ ಅವರೇ. ಪುಣ್ಯಕ್ಕೆ ಅಮ್ಮ ಎದ್ದು ಕೂತರು. ಹಬ್ಬದ ಹಿಂದಿನ ದಿನ ವಾಪಸು ಬಂದವಳಿಗೆ ಅಟ್ಟದಿಂದ ಗೂಡುದೀಪ ಇಳಿಸುವ ತ್ರಾಣವೂ ಇರಲಿಲ್ಲ.

ಹಬ್ಬದ ದಿನ ವಹಿನಿ ತಿಂಡಿ ತಂದು ಕೈಗಿಟ್ಟು, ಮಾತಾಡದೆ ಹೋದರು. ಮರುದಿನ ನಾನು ಹೇಗೋ ಚೇತರಿಸಿಕೊಂಡು ಕರಿದ ಚಕ್ಕುಲಿ ಒಯ್ದರೆ, "ಈ ವರ್ಷ ನಕೋ" ಎಂದು ತಟ್ಟೆ ಹಿಂದೆ ಸರಿಸಿದರು. ಮೈಯೆಲ್ಲ ಉರಿದುಹೋಯಿತು. ಎಷ್ಟಾದರೂ ನಾವು ಹೊರಗಿನವರಲ್ಲವೇ! ತಮ್ಮ ಮಗನಿಗೆ ದೊಡ್ಡ ಕೆಲಸ ಸಿಕ್ಕಿದ್ದೇ ಇವರಿಗೆ ಕೊಂಬು ಬಂತು!

"ಒಳ್ಳೆ ಕತೆ ಕಟ್ತಿ ಮಾರಾಯ್ತಿ," ಎಂದರು, ಮನೆ ಮಾರುವ ನನ್ನ ಹಟ ಕೇಳಿದ ಯಜಮಾನರು.

ಮಾರನೇ ಬೆಳಗ್ಗೆ ಟೆರೇಸಿನ ಯೋಗ ತರಗತಿಯಲ್ಲೂ ಮನಸ್ಸು ಕುದಿಯುತ್ತಲೇ ಇತ್ತು. ನಮ್ಮ ಮೈಸೂರಿನ ಗುರುಗಳು ಉಸಿರಿನ ಅಭ್ಯಾಸ ಮುಗಿಸಿ ಎಂದಿನಂತೆ ಹೇಳಿದರು: "ಕಣ್ಣು ಕಂಡಿದ್ದೆಷ್ಟು, ನೀವು ಸೇರಿಸಿದ್ದೆಷ್ಟು, ಬಿಡಿಸಿ ನೋಡಿ. ವಿವೇಕ ಅಂದ್ರೆ ಅಷ್ಟೇ."

ಕಣ್ಣು ಮುಚ್ಚಿ ಬಿಡಿಸಿದೆ. ಹೊರಗಿನವರು ಎಂಬುದು ನಾನು ಸೇರಿಸಿದ್ದು. ಕೊಂಬೂ ನಾನೇ ಇಟ್ಟದ್ದು. ಕಂಡದ್ದು ತಟ್ಟೆ ಸರಿಸಿದ ಕೈ ಮಾತ್ರ. ಮತ್ತೆ, ಹೌದಲ್ಲ, ಆಗ ವಹಿನಿಯ ಕಣ್ಣು ತುಂಬಿತ್ತು. ಸೊಕ್ಕಿನವರಿಗೆ ಕಣ್ಣೀರು ಯಾಕೆ ಬರುತ್ತದೆ?

ಚಾಪೆ ಸುತ್ತಿಕೊಂಡು ನೇರ ಹೋಗಿ ಅವರ ಬಾಗಿಲು ಬಡಿದೆ. "ವಹಿನಿ, ನನ್ನ ಚಕ್ಕುಲಿ ಯಾಕೆ ಬೇಡ?"

ಅವರು ನನ್ನ ಕೈ ಹಿಡಿದುಕೊಂಡರು. "ಸಾವಾದ ಮನೆಗೆ ಹಬ್ಬದ ತಿಂಡಿ ಕೊಡಬೇಕು, ಅಲ್ಲಿಂದ ಹೇಗೆ ತಗೊಳ್ಳಲಿ? ನಿಮ್ಮ ಬಾಗಿಲಲ್ಲಿ ಕಂದೀಲು, ಅದೇ ನಿಮ್ಮ ಗೂಡುದೀಪ, ಕಾಣಲಿಲ್ಲ. ನಿಮ್ಮ ಆಯಿ ಹೋದರು ಅಂತ ಗೊತ್ತಾಯ್ತು. ನೀವೇ ಹೇಳ್ತೀರಿ ಅಂತ ಕಾದೆ."

ಅಯ್ಯೋ ದೇವರೇ! ಅಲ್ಲೇ ನಿಂತು ಅಮ್ಮನಿಗೆ ವಿಡಿಯೋ ಕಾಲ್ ಹಚ್ಚಿದೆ. ಅಮ್ಮನ ಮುಖ ಕಂಡದ್ದೇ ವಹಿನಿ ಗೊಳೋ ಎಂದು ಅತ್ತರು. ಸಂಗತಿ ಕೇಳಿದ ಅಮ್ಮ ನಕ್ಕು ನಕ್ಕು ಕೆಮ್ಮಿದರು. "ಎಂತ ಮಾರಾಯ್ತಿ, ನಾನು ಸತ್ರೆ ಅಳುವವರು ಅಲ್ಲಿಯೂ ಒಬ್ಬರು ಇದ್ದಾರಾ!"

ನನಗೂ ಅಳು ತಡೆಯಲಾಗಲಿಲ್ಲ. ಕಾಮೋಠೆಯ ಮಾತು ಅಲ್ಲಿಗೇ ಮುಗಿಯಿತು.

ವಹಿನಿ ಸೆರಗಿನಿಂದ ಮೂಗೊರೆಸಿಕೊಂಡು ಕೈ ಚಾಚಿದರು. "ಈಗ ತನ್ನಿ ಆ ಚಕ್ಕುಲಿ."